ಸಂಪ್ ಜಾಳಿಗೆಗೆ ಅಂಟಿದ ಕೆಂಪು ಪೇಸ್ಟ್: ಒಂದು ಟ್ರಾಲ್ ಬೋಟ್ ಎಂಜಿನ್ ಪ್ರಕರಣ

ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಕಾರವಾರದ ಬೈತಖೋಲದಿಂದ ತದಡಿ, ಹೊನ್ನಾವರ, ಭಟ್ಕಳದವರೆಗೆ ವರ್ಷದ ದೊಡ್ಡ ಎಂಜಿನ್ ಕೆಲಸಗಳೆಲ್ಲ ಮುಗಿಯುವುದು ಈ 61 ದಿನಗಳಲ್ಲೇ. ಮಳೆ, ಉಪ್ಪುಗಾಳಿ, ಆಗಸ್ಟ್ ಮೊದಲ ದಿನವೇ ದೋಣಿ ಇಳಿಸಬೇಕೆಂಬ ಅವಸರ, ಇವುಗಳ ನಡುವೆ ನಡೆಯುವ ಕೆಲಸ ಅದು. ಕಾರವಾರ ಭಾಗದಲ್ಲಿ ಹೀಗೆ ಕಟ್ಟಿದ ಒಂದು ಎಂಜಿನ್‌ನ ಪ್ರಕರಣ ಇಲ್ಲಿದೆ. ದೋಣಿ, ಸಾವ್ಕಾರರು (ದೋಣಿಯ ಮಾಲೀಕರು), ತಾಂಡೇಲರು (ದೋಣಿ ನಡೆಸುವವರು), ಮೆಕ್ಯಾನಿಕ್, ವರ್ಕ್‌ಶಾಪ್, ಯಾರ ಗುರುತನ್ನೂ ಕೊಟ್ಟಿಲ್ಲ.

ಎಂಜಿನ್ ಲಾರಿಯದು, ದೋಣಿಗೆ ಒಗ್ಗಿಸಿದ್ದು: ಆರು ಸಿಲಿಂಡರ್, ವೆಟ್ ಲೈನರ್ (ಸುತ್ತ ನೀರು ಹರಿಯುವ ಸಿಲಿಂಡರ್ ಕೊಳವೆ), ಸುಮಾರು 120 ಅಶ್ವಶಕ್ತಿ. ಪೂರ್ತಿ ಎಂಜಿನ್ ಕೆಲಸ ಆಗಿತ್ತು. ಕ್ರ್ಯಾಂಕ್‌ಗೆ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡಕ್ಕೆ) 0.25 ಮಿ.ಮೀ. ಗ್ರೈಂಡಿಂಗ್ ಮಾಡಿ ಅದಕ್ಕೆ ತಕ್ಕ ಬೇರಿಂಗ್ ಹಾಕಿದ್ದರು. ಲೈನರ್, ಪಿಸ್ಟನ್, ರಿಂಗು ಎಲ್ಲವೂ ಹೊಸದು. ಅಳತೆಯ ಕೆಲಸ ಅಚ್ಚುಕಟ್ಟಾಗಿತ್ತೆಂದು ಆಮೇಲೆ ಬಿಚ್ಚಿದಾಗಲೂ ಕಂಡುಬಂತು. ಹಾಳಾದದ್ದು ಜೋಡಣೆಯ ಜಾಗಗಳಲ್ಲಿ ಮಾತ್ರ. ಹಳೆಯ ಎಂಜಿನ್ ಎಲ್ಲ ಕಡೆ ಸೋರುತ್ತಿತ್ತು, ಈ ಸಲ ಒಂದು ಹನಿಯೂ ಬೀಳಬಾರದು ಎಂದು ಸಾವ್ಕಾರರು ಪಟ್ಟು ಹಿಡಿದಿದ್ದರು. ಅದಕ್ಕಾಗಿ ಆಯಿಲ್ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ), ಟೈಮಿಂಗ್ ಕವರ್, ಹಿಂದಿನ ಆಯಿಲ್ ಸೀಲ್ ಹೌಸಿಂಗ್, ಟ್ಯಾಪೆಟ್ ಕವರ್, ಆಯಿಲ್ ಪಂಪಿನ ಸಕ್ಷನ್ ಪೈಪು (ಸಂಪ್‌ನಿಂದ ಆಯಿಲ್ ಎಳೆಯುವ ಕೊಳವೆ), ಎಲ್ಲದಕ್ಕೂ ಒಂದೇ ಕೆಂಪು ಸಿಲಿಕಾನ್ ಪೇಸ್ಟ್ ಬಿತ್ತು. 100 ಗ್ರಾಂ ಟ್ಯೂಬ್ ಮೂರು ಖಾಲಿಯಾಗಿದ್ದವು. ಈ ಅಳತೆಯ ಎಂಜಿನ್‌ಗೆ ಒಂದು ಟ್ಯೂಬಿನಲ್ಲೇ ಮಿಗಬೇಕು.

ತೊಂದರೆ ಶುರುವಾದದ್ದು ಹೀಗೆ

ದೋಣಿ ಇಳಿಸಿದಾಗ ಆಯಿಲ್ ಪ್ರೆಶರ್ ಗೇಜಿನ ಅಂಕಿ ಒಳ್ಳೆಯದೇ ಇತ್ತು. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ 1.5 ಕೆ.ಜಿ., 1800 ಆರ್‌ಪಿಎಂನಲ್ಲಿ 3.8 ಕೆ.ಜಿ. (ಗೇಜಿನ ಕೆ.ಜಿ. ಎಂದರೆ ಒಂದು ಚದರ ಸೆಂಟಿಮೀಟರಿಗೆ ಅಷ್ಟು ಕೆ.ಜಿ. ಒತ್ತಡ.) ಮೊದಲ ವಾರ ಸಂಪ್‌ನ ಮುಂದಿನ ಮೂಲೆಯಲ್ಲಿ ಸಣ್ಣ ಸೋರಿಕೆ ಕಾಣಿಸಿತು. ಮೂರನೇ ವಾರಕ್ಕೆ ಬಲೆ ಎಳೆಯುವಾಗ ಪ್ರೆಶರ್ 3.8ರಿಂದ ನಿಧಾನಕ್ಕೆ ಇಳಿದು 2.2ಕ್ಕೆ ಬರತೊಡಗಿತು. ಮುಳ್ಳು ಒಂದೇ ಕಡೆ ನಿಲ್ಲದೆ ನಡುಗುತ್ತಿತ್ತು.

ತಾಂಡೇಲರು ಆಗಲೇ ಒಂದು ಮಾತು ಹೇಳಿದ್ದರು: "ಬಂದರಲ್ಲಿ ಪ್ರೆಶರ್ ಚಲೋ ಇರ್ತದೆ, ಬಲೆ ಎಳೀವಾಗ್ಲೇ ಇಳೀತದೆ." ಇಡೀ ಪ್ರಕರಣದ ಕೀಲಿ ಈ ಮಾತಿನಲ್ಲೇ ಇತ್ತು. ಅದನ್ನು ಯಾರೂ ಹಿಡಿದು ಯೋಚಿಸಲಿಲ್ಲ. ಪ್ರೆಶರ್ ಕಡಿಮೆ ಎಂದ ಕೂಡಲೇ ಎಲ್ಲರ ತಲೆಗೆ ಬರುವುದು ಬೇರಿಂಗ್ ಸವೆತ. ಆದರೆ ಬೇರಿಂಗ್ ಸವೆದ ಎಂಜಿನ್‌ನ ನಡತೆ ಇದಕ್ಕೆ ಉಲ್ಟಾ. ಅದರಲ್ಲಿ ಐಡಲ್‌ನಲ್ಲಿ ಮುಳ್ಳು ತಳಕ್ಕೆ ಬರುತ್ತದೆ, ರೇಸ್ ಕೊಟ್ಟರೆ ಏರುತ್ತದೆ, ಏಕೆಂದರೆ ವೇಗ ಹೆಚ್ಚಿದಂತೆ ಪಂಪು ಹೆಚ್ಚು ಆಯಿಲ್ ತಳ್ಳಿ ಸವೆತದ ಸಂದನ್ನು ತುಂಬಿಸುತ್ತದೆ. ರೇಸ್ ಕೊಟ್ಟಷ್ಟೂ ಇಳಿಯುತ್ತದೆ, ಮುಳ್ಳು ನಡುಗುತ್ತದೆ ಎಂದರೆ ಪಂಪಿಗೆ ಬೇಕಾದಷ್ಟು ಆಯಿಲ್ ಸಿಗುತ್ತಿಲ್ಲ. ಸಕ್ಷನ್ ಪೈಪಿನ ಬಾಯಿಯಲ್ಲಿರುವ ಜಾಳಿಗೆ ಕಟ್ಟಿರಬೇಕು, ಇಲ್ಲವೇ ಸಕ್ಷನ್ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿರಬೇಕು.

ಮೊದಲು ಮಾಡಿದ ಪ್ರಯತ್ನಗಳು

ಗೇಜು ಬದಲಾಯಿಸಿದರು. ಹೊಸದೂ ಅದೇ ಅಂಕಿ ತೋರಿಸಿತು.

ಆಮೇಲೆ 15ಡಬ್ಲ್ಯು-40 ಆಯಿಲ್ ತೆಗೆದು ದಪ್ಪನೆಯ 20ಡಬ್ಲ್ಯು-50 ಹಾಕಿದರು. ಒಂದು ದಿನ ಮುಳ್ಳು ಸ್ವಲ್ಪ ಮೇಲೆ ನಿಂತಿತು, ಆಮೇಲೆ ಮೊದಲಿಗಿಂತ ಕೆಳಗಿಳಿಯಿತು. ಅರ್ಧ ಕಟ್ಟಿದ ಜಾಳಿಗೆಯ ಮೂಲಕ ದಪ್ಪ ಆಯಿಲ್ ಎಳೆಯುವುದು ಪಂಪಿಗೆ ಇನ್ನೂ ಕಷ್ಟ. ಅದಕ್ಕಿಂತ ದೊಡ್ಡ ಅಪಾಯ ಫಿಲ್ಟರಿನಲ್ಲಿದೆ. ತಣ್ಣಗಿರುವಾಗ ದಪ್ಪ ಆಯಿಲ್ ಫಿಲ್ಟರ್ ಕಾಗದದ ಮೂಲಕ ಸುಲಭಕ್ಕೆ ಹೋಗುವುದಿಲ್ಲ, ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ. ಬೆಳಗಿನ ಜಾವ ಸ್ಟಾರ್ಟ್ ಮಾಡಿ ಕೂಡಲೇ ರೇಸ್ ಕೊಟ್ಟು ಹೊರಟರೆ ಸೋಸದ ಆಯಿಲ್, ಅದರಲ್ಲಿರುವ ಚೂರುಗಳ ಸಮೇತ, ನೇರವಾಗಿ ಬೇರಿಂಗ್‌ಗೆ ಹೋಗುತ್ತದೆ.

ಮೂರನೆಯದು, ರಿಲೀಫ್ ವಾಲ್ವಿನ ಸ್ಪ್ರಿಂಗ್ ಹಿಂದೆ ವಾಷರ್ ಇಟ್ಟದ್ದು. ಪ್ರೆಶರ್ ಒಂದಿಷ್ಟೂ ಏರಲಿಲ್ಲ. ಇದು ತಪ್ಪು ಉಪಾಯವಾದರೂ ಅದರಿಂದ ಸಿಕ್ಕ ಸುಳಿವು ಸರಿಯಾದದ್ದು. ರಿಲೀಫ್ ವಾಲ್ವ್ ಕೆಲಸ ಮಾಡುವುದು ಪಂಪು ಬೇಕಾದ್ದಕ್ಕಿಂತ ಹೆಚ್ಚು ಒತ್ತಡ ಕೊಟ್ಟಾಗ. ಆ ಮಟ್ಟಕ್ಕೇ ಒತ್ತಡ ಬರುತ್ತಿಲ್ಲ ಎಂದಾದರೆ ಸ್ಪ್ರಿಂಗ್ ಬಿಗಿ ಮಾಡಿ ಪ್ರಯೋಜನವಿಲ್ಲ. ವಾಷರ್ ಅಲ್ಲೇ ಮರೆತು ಬಿಟ್ಟರೆ ಮಾತ್ರ ಮುಂದೆ ತಣ್ಣನೆಯ ಸ್ಟಾರ್ಟಿಂಗ್‌ನಲ್ಲಿ ಫಿಲ್ಟರ್ ಒಡೆಯಬಹುದು. ಇಲ್ಲಿ ಕೊನೆಗೆ ಅದನ್ನು ತೆಗೆಯಲಾಯಿತು.

ಸೋರುತ್ತಿದ್ದ ಮೂಲೆಯ ಬೋಲ್ಟ್‌ಗಳನ್ನು ಮತ್ತೆ ಮತ್ತೆ ಬಿಗಿದದ್ದು ನಾಲ್ಕನೇ ಪ್ರಯತ್ನ. ಬಿಗಿದಷ್ಟೂ ಸೋರಿಕೆ ಹೆಚ್ಚಿತು. ಸಂಪ್‌ನ ಕಾರ್ಕ್ ಪ್ಯಾಕಿಂಗ್ ಫ್ಲಾಂಜಿನಿಂದ (ಬೋಲ್ಟ್ ಕೂರುವ ಅಂಚಿನಿಂದ) ಹೊರಕ್ಕೆ ಉಬ್ಬಿ ಬಂದದ್ದು ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತಿತ್ತು.

ಫಿಲ್ಟರ್ ಕತ್ತರಿಸಿ ನೋಡಿದಾಗ

ತಿರುವು ಸಿಕ್ಕದ್ದು ಇನ್ನೊಬ್ಬ ಮೆಕ್ಯಾನಿಕ್ ಹಳೆಯ ಫಿಲ್ಟರನ್ನು ಎಸೆಯದೆ ಕತ್ತರಿಸಿದಾಗ. ಕಾಗದದ ಮಡಿಕೆ ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಹಿಂಡಿದಾಗ ಕೆಂಪು ರಬ್ಬರಿನಂಥ ಚೂರುಗಳು ಬಂದವು. ಜೊತೆಗೆ ಬೂದು ಬಣ್ಣದ ಸಣ್ಣ ಮಿನುಗು. ಕೆಂಪು ಚೂರು ಸಿಲಿಕಾನ್. ಮಿನುಗು ಬೇರಿಂಗಿನ ಮೇಲ್ಪದರ. ಫಿಲ್ಟರ್ ಇರುವುದು ಪಂಪಿನ ಆಚೆ. ಅಲ್ಲಿಗೆ ಬಂದವು ಜಾಳಿಗೆಯ ಕಣ್ಣಲ್ಲಿ ತೂರುವಷ್ಟು ಸಣ್ಣ ಚೂರುಗಳು. ತೂರಲಾರದ ದೊಡ್ಡವು ಜಾಳಿಗೆಯ ಮೇಲೇ ಇರಬೇಕು.

ಎಂಜಿನ್ ಎತ್ತುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿದರು. ದೋಣಿಯನ್ನು ಧಕ್ಕೆಗೆ ಗಟ್ಟಿಯಾಗಿ ಕಟ್ಟಿ, ಗೇರ್ ಹಾಕಿ 1800 ಆರ್‌ಪಿಎಂನಲ್ಲಿ ಓಡಿಸಿದರು. ಇಪ್ಪತ್ತು ನಿಮಿಷದೊಳಗೆ ಪ್ರೆಶರ್ 2.2ಕ್ಕೆ ಇಳಿಯಿತು. ಎಂಜಿನ್ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರು. ಅದೇ ಬಿಸಿಯಲ್ಲಿ, ಅದೇ ಆಯಿಲ್‌ನಲ್ಲಿ, 3.8. ಬೇರಿಂಗ್ ಸವೆದಿದ್ದರೆ ಕಾಲು ಗಂಟೆಯ ವಿಶ್ರಾಂತಿಯಿಂದ ಪ್ರೆಶರ್ ಮರಳಿ ಬರುವುದಿಲ್ಲ. ಪಂಪು ನಿಂತಾಗ ಎಳೆತ ನಿಂತು, ಜಾಳಿಗೆಗೆ ಅಂಟಿದ ಚೂರುಗಳು ಕಳಚಿ ತಳಕ್ಕೆ ಬೀಳುತ್ತವೆ, ಮತ್ತೆ ಓಡಿಸಿದಾಗ ಪುನಃ ಬಂದು ಕೂರುತ್ತವೆ. ಅನುಮಾನ ಉಳಿಯಲಿಲ್ಲ.

ನಿರ್ಧಾರ ಮಾತ್ರ ಕಷ್ಟದ್ದೇ ಆಗಿತ್ತು. ಸೀಸನ್ ಆರಂಭದ ದಿನಗಳು, ಖಲಾಸಿಗಳು ಬಂದು ಕೂತಿದ್ದಾರೆ, ಐಸ್ ತುಂಬಿದೆ. ದೋಣಿಯಲ್ಲಿ ಎಂಜಿನ್ ಕೂತ ಜಾಗದಲ್ಲಿ ಸಂಪ್ ಕೆಳಗಿಳಿಯುವಷ್ಟು ಸಂದಿ ಇಲ್ಲ, ಎಂಜಿನ್ ಎತ್ತಲೇಬೇಕು. "ಸಾವ್ಕಾರ್ರೆ, ಈಗ ಎತ್ತಿದ್ರೆ ನಾಲ್ಕೈದು ದಿನ ಹೋಗ್ತದೆ. ಎತ್ತದೆ ಓಡಿಸಿದ್ರೆ ಕ್ರ್ಯಾಂಕೇ ಹೋಗ್ತದೆ, ಅದೂ ಸಮುದ್ರದ ನಡುವೆ" ಎಂದ ಮೆಕ್ಯಾನಿಕ್ ಕತ್ತರಿಸಿದ ಫಿಲ್ಟರನ್ನೇ ಮುಂದಿಟ್ಟರು. ಕೈಯಲ್ಲಿ ಹಿಡಿದು ತೋರಿಸುವ ವಸ್ತು ಇರದಿದ್ದರೆ ಸಾವ್ಕಾರರು ಒಪ್ಪುತ್ತಿದ್ದರೋ ಇಲ್ಲವೋ. ಎಂಜಿನ್ ಎತ್ತುವುದೆಂದಾಯಿತು.

ಸಂಪ್ ಇಳಿಸಿದಾಗ ಕಂಡದ್ದು

ಕಪ್ಲಿಂಗ್ ಬಿಚ್ಚಿ, ಚೈನ್ ಬ್ಲಾಕ್‌ನಿಂದ ಎಂಜಿನನ್ನು ಒಂದೂವರೆ ಅಡಿ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು ಸಂಪ್ ಇಳಿಸಿದರು. ಜಾಳಿಗೆಯ ಅರ್ಧಕ್ಕಿಂತ ಹೆಚ್ಚು ಭಾಗ ಕೆಂಪು ತುಣುಕುಗಳಿಂದ ಮುಚ್ಚಿತ್ತು. ಫ್ಲಾಂಜಿನ ಒಳಅಂಚಿನಲ್ಲಿ ಉದ್ದಕ್ಕೂ ಸಿಲಿಕಾನ್ ದಪ್ಪ ಶಾವಿಗೆಯಂತೆ ಜೋತಾಡುತ್ತಿತ್ತು. ಬೆರಳಲ್ಲಿ ಎಳೆದರೆ ಲೋಹಕ್ಕೆ ಅಂಟದೆ ಉದ್ದುದ್ದ ಕಿತ್ತು ಬರುತ್ತಿತ್ತು.

ಇಷ್ಟು ಪೇಸ್ಟ್ ಒಳಗೆ ಹೇಗೆ ಬಂತು ಎಂಬುದಕ್ಕೆ ಲೆಕ್ಕ ಹಾಕಿದರೆ ಸಾಕು. ಟ್ಯೂಬಿನ ಮೂತಿ 3 ಮಿ.ಮೀ. ಕತ್ತರಿಸಿದರೆ ಬರುವ ಎಳೆಯ ಅಡ್ಡಕೊಯ್ತ ಸುಮಾರು 7 ಚದರ ಮಿ.ಮೀ. 25 ಮಿ.ಮೀ. ಅಗಲದ ಫ್ಲಾಂಜಿನಲ್ಲಿ 0.3 ಮಿ.ಮೀ. ಸಂದು ಉಳಿಯುತ್ತದೆಂದರೆ ಅದನ್ನು ತುಂಬಲು ಬೇಕಾದದ್ದು 7.5. ಅಂದರೆ 3 ಮಿ.ಮೀ. ಎಳೆಯೇ ಬಹುತೇಕ ಇಡೀ ಫ್ಲಾಂಜನ್ನು ತುಂಬಿಬಿಡುತ್ತದೆ. ಇಲ್ಲಿ ಹಾಕಿದ್ದು 6 ಮಿ.ಮೀ. ಎಳೆ. ಎಳೆಯ ದಪ್ಪ ಎರಡು ಪಟ್ಟಾದರೆ ಪೇಸ್ಟ್ ನಾಲ್ಕು ಪಟ್ಟಾಗುತ್ತದೆ: 28 ಚದರ ಮಿ.ಮೀ. ಅದರಲ್ಲಿ 7.5 ಸಂದಿನಲ್ಲಿ ಉಳಿದು, 20ರಷ್ಟು ಹಿಂಡಿ ಹೋಗುತ್ತದೆ. ಅರ್ಧ ಹೊರಗೆ, ಅರ್ಧ ಒಳಗೆ. ಒಳಗೆ ಹೋದ ಅರ್ಧ ಎಂದರೆ ಸಂಪ್‌ನ ಸುತ್ತಲೂ ಮೂರೂವರೆ ಮಿ.ಮೀ. ದಪ್ಪದ ಹಗ್ಗ. ಹೊರಗೆ ಹಿಂಡಿ ಬಂದದ್ದನ್ನು ಬೆರಳಲ್ಲಿ ಒರೆಸಿ ಚಂದ ಮಾಡುತ್ತೇವೆ, ಒಳಗಿನದು ಕಣ್ಣಿಗೆ ಬೀಳುವುದಿಲ್ಲ. ಇಲ್ಲಂತೂ ಕಾರ್ಕಿನ ಎರಡೂ ಮುಖಕ್ಕೆ ಹಚ್ಚಿದ್ದರು.

ಅದು ಲೋಹ ಬಿಟ್ಟು ಕಳಚಿ ಬಂದದ್ದಕ್ಕೆ ಕಾರಣ ಮೂರು. ಒಂದು, ಮುಖಗಳನ್ನು ಡೀಸೆಲ್‌ನಲ್ಲಿ ಅದ್ದಿದ ವೇಸ್ಟ್ ಬಟ್ಟೆಯಿಂದ ಒರೆಸಿದ್ದು. ಡೀಸೆಲ್ ಆಗಲಿ ಸೀಮೆಎಣ್ಣೆಯಾಗಲಿ ಜಿಡ್ಡಿನ ತೆಳು ಪದರ ಉಳಿಸುತ್ತದೆ, ಜಿಡ್ಡಿನ ಮೇಲೆ ಸಿಲಿಕಾನ್ ಹಿಡಿಯುವುದಿಲ್ಲ. ಎರಡು, ಮಳೆಗಾಲದ ಗಾಳಿ. ಈ ಪೇಸ್ಟ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ಹೊರಗಿನಿಂದ ಒಳಕ್ಕೆ. ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಬರುವ ಕೆನೆ ಕಾರವಾರದ ಜುಲೈನಲ್ಲಿ ಅದಕ್ಕೂ ಬೇಗ ಬರುತ್ತದೆ. ಸಂಪ್‌ಗೆ ಹಚ್ಚಿಟ್ಟು, ಬೋಲ್ಟ್ ಹುಡುಕಿ, ಚಹಾ ಕುಡಿದು ಬಂದು ಕೂರಿಸಿದರೆ ಕೆನೆ ಬಂದ ಮೇಲ್ಮೈ ಎದುರಿನ ಮುಖಕ್ಕೆ ಅಂಟುವುದೇ ಇಲ್ಲ. ಮೂರು, ಅದೇ ಸಂಜೆ ಆಯಿಲ್ ತುಂಬಿದ್ದು. ಸಾಮಾನ್ಯವಾಗಿ ಒಂದು ದಿನಕ್ಕೆ 2ರಿಂದ 3 ಮಿ.ಮೀ. ಆಳದಷ್ಟೇ ಗಟ್ಟಿಯಾಗುವ ವಸ್ತು ಇದು. ದಪ್ಪ ಹಗ್ಗದ ಹೊಟ್ಟೆ ಇನ್ನೂ ಹಸಿಯಾಗಿರುವಾಗಲೇ ಬಿಸಿ ಆಯಿಲ್ ಬಡಿಯಿತು.

ಸೋರಿಕೆಯ ಕಾರಣವೂ ಇಲ್ಲೇ ಸಿಕ್ಕಿತು. ಕಾರ್ಕ್ ಅಥವಾ ರಬ್ಬರ್ ಪ್ಯಾಕಿಂಗಿನ ಎರಡೂ ಕಡೆ ಹಸಿ ಸಿಲಿಕಾನ್ ಹಚ್ಚಿ ಬಿಗಿದರೆ ಅದು ಅಂಟಾಗುವ ಮೊದಲು ಜಾರುಪದರವಾಗುತ್ತದೆ, ಪ್ಯಾಕಿಂಗ್ ಹೊರಕ್ಕೆ ಜಾರುತ್ತದೆ. ಬೋಲ್ಟ್ ಅತಿಯಾಗಿ ಬಿಗಿದದ್ದರಿಂದ ಸಂಪ್ ತಗಡಿನ ತೂತುಗಳ ಸುತ್ತ ಗುಳಿ ಬಿದ್ದಿತ್ತು. ಎರಡು ಬೋಲ್ಟ್ ನಡುವಿನ ಭಾಗಕ್ಕೆ ಒತ್ತಡವೇ ಇರಲಿಲ್ಲ.

ಬೇರಿಂಗ್‌ಗಳಲ್ಲಿ ಐದನೇ ಸಿಲಿಂಡರಿನ ಬಿಗ್ ಎಂಡ್ ಶೆಲ್ಲಿನ (ಕ್ರ್ಯಾಂಕ್ ಹಿಡಿಯುವ ಬೇರಿಂಗ್ ತುಂಡಿನ) ಮೇಲ್ಪದರ ಒರೆಸಿ ಹೋಗಿತ್ತು. ಜರ್ನಲ್‌ಗೆ (ಬೇರಿಂಗ್ ಕೂರುವ ಕ್ರ್ಯಾಂಕ್ ಭಾಗಕ್ಕೆ) ಗಾಯವಾಗಿರಲಿಲ್ಲ, ಮೈಕ್ರೋಮೀಟರ್ ಅಳತೆ ಸರಿ ಬಂತು. ಇನ್ನೊಂದು ವಾರ ಓಡಿಸಿದ್ದರೆ ಕ್ರ್ಯಾಂಕ್ ಮತ್ತೆ ಗ್ರೈಂಡಿಂಗ್‌ಗೆ ಹೋಗುತ್ತಿತ್ತು. ಸಿಲಿಕಾನ್ ಮೆತ್ತಗಿನದು, ಅದು ಬೇರಿಂಗನ್ನು ಗೀರುವುದಿಲ್ಲ. ಆಯಿಲ್ ದಾರಿಯನ್ನು ಕಟ್ಟಿ ಬೇರಿಂಗನ್ನು ಒಣಗಿಸಿ ಕೊಲ್ಲುತ್ತದೆ.

ಎರಡನೇ ಸಲದ ಕೆಲಸ

ಹಳೆಯ ಪೇಸ್ಟ್ ಕೆರೆಯಲು ಪ್ಲಾಸ್ಟಿಕ್ ಸ್ಕ್ರೇಪರ್, ಮೂಲೆಗಳಿಗೆ ಚೂಪು ಮಾಡಿದ ಬಿದಿರ ಕಡ್ಡಿ. ಗ್ರೈಂಡರಿಗೆ ಹಾಕುವ ನಾರಿನ ಡಿಸ್ಕನ್ನು ತೆರೆದ ಎಂಜಿನ್ ಹತ್ತಿರ ತರಲೇಬಾರದು. ಬೇಗ ಕೆಲಸವಾಗುತ್ತದೆ ನಿಜ, ಆದರೆ ಅದರಿಂದ ಉದುರುವ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಎಷ್ಟು ಒರೆಸಿದರೂ ಉಳಿಯುತ್ತದೆ, ಮತ್ತು ಆ ಪುಡಿ ಬೇರಿಂಗನ್ನು ನಿಜವಾಗಿಯೂ ಗೀರುತ್ತದೆ. ಗ್ಯಾಲರಿಯ (ಎಂಜಿನ್ ಒಳಗಿನ ಮುಖ್ಯ ಆಯಿಲ್ ದಾರಿಯ) ಪ್ಲಗ್ ತೆಗೆದು, ಉದ್ದ ಬ್ರಷ್ ಹಾಕಿ, ಡೀಸೆಲ್ ಹೊಡೆದು, ಕಂಪ್ರೆಸರ್ ಗಾಳಿಯಿಂದ ಒಣಗಿಸಿದರು. ಪಂಪು, ರಿಲೀಫ್ ವಾಲ್ವ್, ರಾಕರ್‌ಗೆ ಹೋಗುವ ಆಯಿಲ್ ದಾರಿ ಎಲ್ಲ ಬಿಚ್ಚಿ ನೋಡಿದರು. ರಾಕರ್ ದಾರಿಯಲ್ಲೂ ಒಂದು ಚೂರು ಇತ್ತು.

ಜೋಡಿಸುವ ಮುಖಗಳ ಕೊನೆಯ ಒರೆಸುವಿಕೆ ಅಸಿಟೋನ್‌ನಿಂದ, ಬಿಳಿ ಬಟ್ಟೆ ಬಿಳಿಯಾಗೇ ಉಳಿಯುವವರೆಗೆ. ಈ ಕರಾವಳಿಯ ಗಾಳಿಯಲ್ಲಿ ಬೀಡು ಕಬ್ಬಿಣ ಒರೆಸಿದ ಸ್ವಲ್ಪ ಹೊತ್ತಿಗೇ ತೇವ ಹಿಡಿದು ತುಕ್ಕಿನ ಛಾಯೆ ಬರುತ್ತದೆ, ಆದ್ದರಿಂದ ಎಲ್ಲ ಸಿದ್ಧವಾದ ಮೇಲೇ ಒರೆಸಬೇಕು, ಒರೆಸಿದ ಕೂಡಲೇ ಕೂರಿಸಬೇಕು. ತಳ ಮುಚ್ಚಿದ ಕುರುಡು ತೂತುಗಳಲ್ಲಿ ನಿಂತ ಆಯಿಲ್, ಪೇಸ್ಟ್ ಎರಡನ್ನೂ ಗಾಳಿ ಹೊಡೆದು ತೆಗೆದರು. ಬಿಟ್ಟರೆ ಬೋಲ್ಟ್ ಒಳಗಿಳಿಯುವಾಗ ದ್ರವಕ್ಕೆ ಜಾಗವಿಲ್ಲದೆ ಎರಕವೇ ಸೀಳಬಹುದು.

ಯಾವ ಜೋಡಣೆಗೆ ಏನು ಎಂಬುದನ್ನು ಈ ಸಲ ಮೊದಲೇ ಕಾಗದದಲ್ಲಿ ಬರೆದುಕೊಂಡರು. ಹಿಂದಿನ ಸೀಲ್ ಹೌಸಿಂಗ್ ಮತ್ತು ಟೈಮಿಂಗ್ ಕೇಸ್ ಎರಡೂ ಬಿಗಿಯಾದ ಎರಕ, ಮಷಿನ್ ಮಾಡಿದ ಮುಖ, ಅಲುಗಾಟ ಇಲ್ಲ. ಅಲ್ಲಿಗೆ ಅನೇರೋಬಿಕ್ ಫ್ಲಾಂಜ್ ಸೀಲೆಂಟ್. ಇದು ಗಾಳಿ ಸಿಗದ ಜಾಗದಲ್ಲಿ, ಲೋಹದ ಸಂಪರ್ಕದಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಒಳಕ್ಕೆ ಹಿಂಡಿ ಬಂದದ್ದು ದ್ರವವಾಗೇ ಉಳಿದು ಆಯಿಲ್‌ನಲ್ಲಿ ಕರಗಿ ಹೋಗುತ್ತದೆ, ಜಾಳಿಗೆ ಕಟ್ಟುವ ಭಯವಿಲ್ಲ. ಆದರೆ 0.25 ಮಿ.ಮೀ.ಗಿಂತ ದೊಡ್ಡ ಸಂದಿಗೆ ಇದನ್ನು ನಂಬಬಾರದು, ತಗಡಿನ ಸಂಪ್‌ಗೂ ಆಗದು. ಕಬ್ಬಿಣದ ಮೇಲೆ ಬೇಗ ಹಿಡಿಯುತ್ತದೆ, ಅಲ್ಯೂಮಿನಿಯಂ ಮೇಲೆ ನಿಧಾನ.

ಸಂಪ್‌ಗೆ ಹೊಸ ಕಾರ್ಕ್ ಪ್ಯಾಕಿಂಗ್, ಪೇಸ್ಟ್ ಹಚ್ಚದೆ ಒಣದಾಗಿ. ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿದರು. ಸಿಲಿಕಾನ್ ಬಿದ್ದದ್ದು ಬ್ಲಾಕ್, ಟೈಮಿಂಗ್ ಕೇಸ್, ಸಂಪ್ ಮೂರೂ ಸೇರುವ ಮುಂದಿನ ಎರಡು ಮೂಲೆ ಮತ್ತು ಸೀಲ್ ಹೌಸಿಂಗ್ ಸೇರುವ ಹಿಂದಿನ ಎರಡು ಮೂಲೆಗೆ, ಒಂದೊಂದು ಕಡೆ 3 ಮಿ.ಮೀ. ಬೊಟ್ಟು. ಮೂರು ತುಂಡು ಸೇರುವಲ್ಲಿ ಸಣ್ಣ ಮೆಟ್ಟಿಲು ಇದ್ದೇ ಇರುತ್ತದೆ, ಅದನ್ನು ಪ್ಯಾಕಿಂಗ್ ಒಂದೇ ತುಂಬಲಾರದು. ಪೇಸ್ಟ್ ನ್ಯೂಟ್ರಲ್ ಜಾತಿಯದು. ವಿನೆಗರ್ ವಾಸನೆ ಬರುವ, ಬಚ್ಚಲಮನೆಗೆ ಹಾಕುವ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಕಬ್ಬಿಣ, ತಾಮ್ರ, ಹಿತ್ತಾಳೆ ಯಾವುದಕ್ಕೂ ಅದು ಒಳ್ಳೆಯದಲ್ಲ, ಉಪ್ಪುಗಾಳಿಯಲ್ಲಿ ಮೊದಲೇ ಅಲ್ಲ.

ಪಂಪಿನ ಸಕ್ಷನ್ ಪೈಪಿಗೆ ಹೊಸ ಓ-ರಿಂಗ್ ಮಾತ್ರ. ಒಳಕ್ಕೆ ಎಳೆಯುವ ಜಾಗ ಅದು, ಅಲ್ಲಿ ಪೇಸ್ಟ್ ಹಚ್ಚಿದರೆ ನೇರ ಪಂಪಿನ ಬಾಯಿಗೆ. ಹೆಡ್ ಗ್ಯಾಸ್ಕೆಟ್ ಮತ್ತು ಲೈನರ್ ಓ-ರಿಂಗ್ ಈ ಸಲ ಮುಟ್ಟಲಿಲ್ಲ. ಅವಕ್ಕೂ ಸಿಲಿಕಾನ್ ಸಲ್ಲದು: ಓ-ರಿಂಗಿಗೆ ತಾನು ಕೂರುವ ತೋಡಿನಲ್ಲಿ ಹಿಗ್ಗಲು ಜಾಗ ಬೇಕು, ಪೇಸ್ಟ್ ಆ ಜಾಗ ತುಂಬಿದರೆ ರಿಂಗು ಕತ್ತರಿಸಿ ಹೋಗುತ್ತದೆ. ನೀರಿನ ಜಾಕೆಟ್ಟಿಗೆ ತೆರೆದುಕೊಳ್ಳುವ ತೂತುಗಳ ಬೋಲ್ಟ್‌ಗಳಿಗೆ ಥ್ರೆಡ್ ಸೀಲೆಂಟ್ ಹಚ್ಚಿದರು.

ಸಂಪ್ ತಗಡಿನ ಗುಳಿಗಳನ್ನು ಕಬ್ಬಿಣದ ದಿಮ್ಮಿಯ ಮೇಲೆ ಮಗುಚಿಟ್ಟು ಸುತ್ತಿಗೆಯಿಂದ ತಟ್ಟಿ ಸಮ ಮಾಡಿ, ಸ್ಟೀಲ್ ಸ್ಕೇಲ್ ಇಟ್ಟು ನೋಡಿದರು. ತಲೆ ಕತ್ತರಿಸಿದ ನಾಲ್ಕು ಎಂ8 ಬೋಲ್ಟ್‌ಗಳನ್ನು ಮೂಲೆಗಳಲ್ಲಿ ಗೈಡ್ ಆಗಿ ತಿರುಗಿಸಿಟ್ಟದ್ದರಿಂದ ಸಂಪ್ ಅತ್ತಿತ್ತ ಒರೆಸದೆ ನೇರ ಮೇಲೆ ಬಂತು. ಬೊಟ್ಟು ಇಟ್ಟು ಐದು ನಿಮಿಷದೊಳಗೆ ಎಲ್ಲ ಬೋಲ್ಟ್ ಕೈಬಿಗಿ. ಆಮೇಲೆ ನಡುವಿನಿಂದ ಅಂಚಿಗೆ, ಎಡಬಲ ಅಡ್ಡಡ್ಡ, ಎರಡು ಸುತ್ತಿನಲ್ಲಿ 10 ನ್ಯೂಟನ್ ಮೀಟರ್. ಎಂ8 ಬೋಲ್ಟ್ ಇದರ ಎರಡರಷ್ಟು ತಡೆಯುತ್ತದೆ, ಕಾರ್ಕ್ ತಡೆಯುವುದಿಲ್ಲ. 24 ಗಂಟೆ ಆಯಿಲ್ ಹಾಕದೆ ಬಿಟ್ಟರು. ಸಾವ್ಕಾರರಿಗೆ ಅತ್ಯಂತ ಕಷ್ಟವಾದದ್ದು ಈ ಒಂದು ದಿನ.

ಆಯಿಲ್ ತುಂಬಿ, ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ಎಳೆದಿಟ್ಟು, ಗೇಜಿನ ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದ ಬಿಟ್ಟುಬಿಟ್ಟು ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿದರು. ಕಪ್ಲಿಂಗಿನ ಅಲೈನ್‌ಮೆಂಟನ್ನು ದೋಣಿ ನೀರಿನಲ್ಲಿ ತೇಲುವಾಗಲೇ ಫೀಲರ್ ಗೇಜಿನಿಂದ ನೋಡಿದರು.

15ಡಬ್ಲ್ಯು-40 ಆಯಿಲ್‌ನಲ್ಲೇ ಬಿಸಿ ಐಡಲ್ 1.5, 1800ರಲ್ಲಿ 3.8. ಬಲೆ ಎಳೆಯುವಾಗ ಮುಳ್ಳು ನಿಂತಲ್ಲೇ ನಿಂತಿತು. ಮುಂದಿನ ಮೂಲೆ ಒಣಗಿದೆ. ಹಿಂದಿನ ಬಲ ಮೂಲೆಯಲ್ಲಿ ಆಯಿಲ್ ತೇವ ಕಾಣುತ್ತದೆ, ಹನಿ ಬೀಳುವುದಿಲ್ಲ. ಅದನ್ನು ಬಿಗಿಯದೆ ಹಾಗೇ ಬಿಡುವುದೆಂದು ಎಲ್ಲರೂ ಒಪ್ಪಿದ್ದಾರೆ.

50 ಗಂಟೆ ಓಡಿದ ಮೇಲೆ ಆಯಿಲ್, ಫಿಲ್ಟರ್ ಬದಲಾಯಿಸಿ ಹಳೆಯ ಫಿಲ್ಟರ್ ಕತ್ತರಿಸಿದರು. ಒಂದೆರಡು ಕೆಂಪು ಕಣ ಸಿಕ್ಕವು, ಮಿನುಗು ಇರಲಿಲ್ಲ. ಅದರ ಮುಂದಿನ ಫಿಲ್ಟರಿನಲ್ಲಿ ಎರಡೂ ಇರಲಿಲ್ಲ. ಹೀಗೆ ಕತ್ತರಿಸುವಾಗ ಹ್ಯಾಕ್ಸಾ ಬಳಸಬಾರದು, ಗರಗಸದ ಪುಡಿ ಒಳಗೆ ಬಿದ್ದು ಬೇರಿಂಗ್ ಪುಡಿಯೋ ಗರಗಸದ್ದೋ ತಿಳಿಯದೆ ಹೋಗುತ್ತದೆ. ಪೈಪ್ ಕಟರಿನಂತೆ ಸುತ್ತು ತಿರುಗುವ ಬ್ಲೇಡಿನಿಂದ ಅಂಚು ಕತ್ತರಿಸಿ, ಕಾಗದವನ್ನು ಚಾಕುವಿನಿಂದ ಬಿಡಿಸಿ, ಹಿಂಡಿ, ಬಿಸಿಲಿನಲ್ಲಿ ಹಿಡಿದು ನೋಡಬೇಕು, ಆಮೇಲೆ ಅಯಸ್ಕಾಂತ ಆಡಿಸಬೇಕು. ಅಂಟಿದರೆ ಕಬ್ಬಿಣ, ಅಂಟದ ಮಿನುಗು ಬೇರಿಂಗಿನದು ಅಥವಾ ಪಿಸ್ಟನ್ನಿನದು.